ಕೊಂಡವರೇ ಟೆಸ್ಟ್ ಎಂಜಿನಿಯರ್ ಆಗಬೇಕಾ?

ಹೊಸ ಮಾಡೆಲ್ ಪಾಯಿಂಟ್ ಟೂ ಟೂ ಪಿಸ್ತೂಲು ಅಮೆರಿಕದ ಮಾರ್ಕೆಟ್ಟಿಗೆ ಬಂದ ಮೊದಲ ವರ್ಷ ಕೊಂಡವರ ದೂರುಗಳಲ್ಲಿ ಎರಡು ಮಾತು ಯಾವಾಗ್ಲೂ ಇರುತ್ತೆ. ಒಂದು, "ಮ್ಯಾಗಜೀನ್ ಖಾಲಿ ಆಗೋದ್ರೊಳಗೆ ಒಂದಾದ್ರೂ ಸಿಕ್ಕಿಹಾಕಿಕೊಳ್ಳುತ್ತೆ." ಇನ್ನೊಂದು, "ಕ್ಲೀನ್ ಮಾಡೋಣ ಅಂತ ಬಿಚ್ಚಿದೆ, ಈಗ ವಾಪಸ್ ಕೂರ್ತಾ ಇಲ್ಲ." ಇದಕ್ಕೆ ಸಿಗೋ ಸಮಾಧಾನವೂ ಎರಡೇ. "ಇನ್ನೊಂದು ಐನೂರು ಗುಂಡು ಹೊಡಿ, ತಾನಾಗೇ ಸರಿಹೋಗುತ್ತೆ." "ಟೂ ಟೂ ಅಂದ್ಮೇಲೆ ಹಾಗೇ ಬಿಡು." ಈ ಎರಡು ಸಮಾಧಾನಗಳೂ ಎಂಜಿನಿಯರಿಂಗ್ ದೃಷ್ಟಿಯಿಂದ ಒಪ್ಪುವಂಥದ್ದಲ್ಲ ಅನ್ನೋದು ನನ್ನ ವಾದ.

ಕನ್ನಡ ಸಂಘದ ಪತ್ರಿಕೆಯಲ್ಲಿ ಪಿಸ್ತೂಲಿನ ಪುರಾಣ ಯಾಕಪ್ಪಾ ಅಂತ ನೀವು ಕೇಳಬಹುದು. ನಮ್ಮಲ್ಲಿ ಎನ್‌ಸಿಸಿಗೆ ಹೋದವರೆಲ್ಲ ಪಾಯಿಂಟ್ ಟೂ ಟೂ ರೈಫಲ್ ಹಿಡಿದವರೇ. ಕೊಡಗಿನ ಗೆಳೆಯರಿಗೆ ಕೋವಿ ಅಂದ್ರೆ ಪೂಜೆ ಮಾಡೋ ವಸ್ತು. ಆದ್ರೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ನಾವು ಕ್ಲಾಸಿನಲ್ಲಿ ಓದೋ ಸ್ಪ್ರಿಂಗು, ಸಂವೇಗ, ಘರ್ಷಣೆ, ಟಾಲರೆನ್ಸು ಎಲ್ಲಾ ಒಂದೇ ಅಂಗೈಯಷ್ಟು ಜಾಗದಲ್ಲಿ ಜಗಳ ಆಡೋ ಯಂತ್ರ ಇದು. ಡಿಸೈನ್ ಕೆಟ್ಟರೆ ಏನಾಗುತ್ತೆ ಅನ್ನೋದು ಇಲ್ಲಿ ಕಾಣೋವಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣಲ್ಲ. ಬಂದೂಕು ಸಂಸ್ಕೃತಿಗೆ ಜೈ ಅನ್ನೋಕೆ ನಾನು ಇದನ್ನ ಬರೀತಾ ಇಲ್ಲ. ಅಪಾಯದ ವಸ್ತು ಆಗಿರೋದ್ರಿಂದಲೇ ಅದರ ಡಿಸೈನ್ ಬಗ್ಗೆ ಜಾಸ್ತಿ ಕಟ್ಟುನಿಟ್ಟಾಗಿ ಮಾತಾಡಬೇಕು.

ಮೊದಲು ಸಮಸ್ಯೆ ಏನು ಅಂತ ನೋಡೋಣ. ಮಾಮೂಲಿ 9 ಎಂಎಂ ತೋಟಾದಲ್ಲಿ ಹಿಂಭಾಗದ ಮಧ್ಯದಲ್ಲಿ ಪ್ರೈಮರ್ ಅನ್ನೋ ಪುಟ್ಟ ಬಟ್ಟಲು ಇರುತ್ತೆ, ಫೈರಿಂಗ್ ಪಿನ್ ಅದಕ್ಕೆ ಹೊಡೆಯುತ್ತೆ. ರಿಮ್‌ಫೈರ್ ತೋಟಾದಲ್ಲಿ ಆ ಬಟ್ಟಲು ಇರಲ್ಲ. ಹಿತ್ತಾಳೆ ಕೇಸಿನ ಬುಡದಲ್ಲಿ ಹೊರಕ್ಕೆ ಚಾಚಿದ ಅಂಚು ಇರುತ್ತೆ, ಆ ಅಂಚಿನ ಒಳಗೆ ಟೊಳ್ಳು. ತಯಾರಿಸುವಾಗ ಹೊತ್ತಿಕೊಳ್ಳೋ ಮಿಶ್ರಣವನ್ನ ಒದ್ದೆಯಾಗಿ ಹಾಕಿ, ಕೇಸನ್ನ ಜೋರಾಗಿ ತಿರುಗಿಸಿ ಆ ಟೊಳ್ಳಿನೊಳಗೆ ಹರಡ್ತಾರೆ. ಎಲ್ಲಾ ಕಡೆ ಸಮನಾಗಿ ಹರಡಿದ್ರೆ ಸರಿ. ಪಿನ್ ಹೊಡೆಯೋ ಜಾಗದಲ್ಲೇ ಮಿಶ್ರಣ ಇಲ್ಲ ಅಂದ್ರೆ 'ಟಿಕ್' ಅಂತ ಸದ್ದು ಬರುತ್ತೆ ಅಷ್ಟೇ. ಅದೇ ತೋಟಾನ ಸ್ವಲ್ಪ ತಿರುಗಿಸಿ ಮತ್ತೆ ಹಾಕಿದ್ರೆ ಎಷ್ಟೋ ಸಲ ಸಿಡಿಯುತ್ತೆ.

ಇನ್ನೂ ಇದೆ. ಇವತ್ತು ಎಲ್ಲರೂ ಬಳಸೋ ಪಾಯಿಂಟ್ ಟೂ ಟೂ ಲಾಂಗ್ ರೈಫಲ್ ತೋಟಾ ಬಂದಿದ್ದು 1887ರಲ್ಲಿ. ಅದರ ಸೀಸದ ಗುಂಡು ಕೇಸಿನಷ್ಟೇ ದಪ್ಪ ಇರುತ್ತೆ, ಹಾಗಾಗಿ ಅದಕ್ಕೆ ಹಚ್ಚೋ ಮೇಣದಂಥ ಜಿಡ್ಡು ಹೊರಗಡೆಯೇ ಇರುತ್ತೆ. ಮೇಣ, ಸೀಸ, ಸುಟ್ಟ ಮದ್ದಿನ ಮಸಿ ಮೂರೂ ಸೇರಿ ಛೇಂಬರ್ ಹತ್ತಿರ ಅಂಟು ಅಂಟಾಗಿ ಕೂರುತ್ತೆ. ಜೊತೆಗೆ ಬುಡದ ಅಂಚು ಹೊರಕ್ಕೆ ಚಾಚಿರೋದ್ರಿಂದ ಮ್ಯಾಗಜೀನ್ ಒಳಗೆ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಲೇಬೇಕು. ಒಂದು ಹಿಂದೆ ಮುಂದೆ ಆದ್ರೆ ಎರಡೂ ಕೊಕ್ಕೆ ಹಾಕಿಕೊಂಡು ನಿಂತುಬಿಡುತ್ತೆ.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಫಸ್ಟ್ ಸೆಮ್ ಮಟ್ಟದ್ದೇ. ಗುಂಡಿನ ತೂಕ ಸುಮಾರು 2.6 ಗ್ರಾಂ, ಪಿಸ್ತೂಲಿನಿಂದ ಹೊರಡೋ ವೇಗ ಸೆಕೆಂಡಿಗೆ ಸುಮಾರು 300 ಮೀಟರ್ ಅಂತ ಇಟ್ಕೊಳ್ಳಿ. ಸಂವೇಗ 0.78 ಕೆಜಿ ಮೀಟರ್ ಪ್ರತಿ ಸೆಕೆಂಡ್. ಈ ಪಿಸ್ತೂಲುಗಳಲ್ಲಿ ಬಹುತೇಕ ಎಲ್ಲವೂ 'ಬ್ಲೋಬ್ಯಾಕ್'. ಅಂದ್ರೆ ಗುಂಡು ಮುಂದಕ್ಕೆ ಹೋದಷ್ಟೇ ಸಂವೇಗದಲ್ಲಿ ಸ್ಲೈಡ್ ಹಿಂದಕ್ಕೆ ಹೋಗುತ್ತೆ, ಮಧ್ಯೆ ಬೀಗ ಗೀಗ ಏನೂ ಇಲ್ಲ. ಸ್ಲೈಡ್ ತೂಕ 250 ಗ್ರಾಂ ಅಂದುಕೊಂಡ್ರೆ ಅದರ ವೇಗ ಸೆಕೆಂಡಿಗೆ 3 ಮೀಟರ್ ಚಿಲ್ಲರೆ, ಶಕ್ತಿ ಬರೀ 1.2 ಜೂಲ್. ಒಂದು ಕೆಜಿ ಸಕ್ಕರೆ ಪ್ಯಾಕೆಟ್ಟನ್ನ 12 ಸೆಂಟಿಮೀಟರ್ ಎತ್ತೋವಷ್ಟು! ಇಷ್ಟರಲ್ಲೇ ಖಾಲಿ ಕೇಸನ್ನ ಎಳೀಬೇಕು, ಹೊರಗೆ ಎಸೀಬೇಕು, ಹ್ಯಾಮರ್ ಹಿಂದಕ್ಕೆ ಮಡಚಬೇಕು, ಸ್ಪ್ರಿಂಗ್ ಅದುಮಬೇಕು. ಆ ಸ್ಪ್ರಿಂಗ್ ವಾಪಸ್ ಬಿಚ್ಚಿಕೊಳ್ಳುವಾಗ ಹೊಸ ತೋಟಾನ ಒಳಗೆ ತಳ್ಳಬೇಕು. ಗುಂಡಿನ ವೇಗ 10% ಕಡಿಮೆ ಆದ್ರೆ ಈ ಶಕ್ತಿ 19% ಕಡಿಮೆ ಆಗುತ್ತೆ, ಯಾಕಂದ್ರೆ ಅದು ವರ್ಗದಲ್ಲಿ ಇಳಿಯುತ್ತೆ. ಅದಕ್ಕೇ ಒಂದು ಬ್ರ್ಯಾಂಡ್ ತೋಟಾದಲ್ಲಿ ಬೆಣ್ಣೆ ಥರ ಓಡೋ ಪಿಸ್ತೂಲು ಇನ್ನೊಂದು ಬ್ರ್ಯಾಂಡಿನಲ್ಲಿ ಮೂತಿ ತಿರುಗಿಸುತ್ತೆ. ಅದಕ್ಕೇ ಒಂದಿಷ್ಟು ಮಸಿ ಕೂತ್ರೂ ಕತೆ ಮುಗೀತು.

ಎನ್‌ಸಿಸಿ ರೈಫಲ್‌ನಲ್ಲಿ ಈ ಗೋಳು ಯಾಕಿಲ್ಲ? ಅದೇ ತೋಟಾ, ಅದೇ ಜಿಡ್ಡು. ಆದ್ರೆ ಅಲ್ಲಿ ಬೋಲ್ಟ್ ಎಳೆಯೋದು ನಮ್ಮ ಕೈ. ನಮ್ಮ ರಟ್ಟೆಯ ಮುಂದೆ 1.2 ಜೂಲ್ ಯಾವ ಲೆಕ್ಕ? ಸಮಸ್ಯೆ ತೋಟಾ ಒಂದರದ್ದೇ ಅಲ್ಲ, ಆ ತೋಟಾನ ನಂಬಿ ತಾನೇ ತುಂಬಿಕೊಳ್ಳೋ ಯಂತ್ರ ಮಾಡಿದ ಡಿಸೈನಿನದ್ದೂ ಹೌದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಲ್ಲಿಂದ ನನ್ನ ವಾದ ಶುರು. "ಟೂ ಟೂ ಅಂದ್ಮೇಲೆ ಹಾಗೇ" ಅನ್ನೋರು ಹೇಳೋ ಭೌತಶಾಸ್ತ್ರ ನಿಜ. ಆದ್ರೆ ಆ ಭೌತಶಾಸ್ತ್ರ ಡಿಸೈನರ್‌ಗೂ ಗೊತ್ತಲ್ವಾ? ತೋಟಾ ನೂರು ವರ್ಷದಿಂದ ಹೀಗೇ ಇದೆ. ಮಸಿ ಕೂರುತ್ತೆ ಅನ್ನೋದು ಗೊತ್ತಿದ್ರೆ ಅದನ್ನ ಒರೆಸೋ ದಾರಿ ಸುಲಭವಾಗಿರಬೇಕು. ಯಾವ ಯಂತ್ರ ಬೇಗ ಕೊಳೆ ಆಗುತ್ತೋ ಅದೇ ಎಲ್ಲಕ್ಕಿಂತ ಸುಲಭವಾಗಿ ಬಿಚ್ಚಿಕೊಳ್ಳಬೇಕು. ಇಲ್ಲಿ ಎಷ್ಟೋ ಸಲ ತದ್ವಿರುದ್ಧ ಆಗಿದೆ. ಬಿಚ್ಚೋದು ಕಷ್ಟ ಅಂತ ಜನ ಕ್ಲೀನ್ ಮಾಡಲ್ಲ, ಕ್ಲೀನ್ ಮಾಡದೆ ಇದ್ರೆ ಸಿಕ್ಕಿಹಾಕಿಕೊಳ್ಳುತ್ತೆ, ಸಿಕ್ಕಿಹಾಕಿಕೊಂಡ್ರೆ ತೋಟಾಗೆ ಬೈತಾರೆ. ಎರಡು ದೂರು ಅಂತ ನಾವು ಅಂದುಕೊಂಡಿದ್ದು ನಿಜವಾಗಿ ಒಂದೇ ದೂರು.

ಚರಿತ್ರೆ ನೋಡಿ. 1949ರಲ್ಲಿ ರೂಗರ್ ಕಂಪನಿ ತನ್ನ ಮೊದಲ ಪಿಸ್ತೂಲು 'ಸ್ಟ್ಯಾಂಡರ್ಡ್' ಅನ್ನೋದನ್ನ 37.50 ಡಾಲರ್‌ಗೆ ಬಿಟ್ಟಿತು. ಶೀಟ್ ಮೆಟಲ್‌ನ ಎರಡು ಹೋಳು ಒತ್ತಿ ಬೆಸುಗೆ ಹಾಕಿದ ಹಿಡಿ, ಕೊಳವೆಯಂಥ ರಿಸೀವರ್, ಅದರೊಳಗೆ ಓಡೋ ಬೋಲ್ಟ್. ತಯಾರಿಕೆಯ ದೃಷ್ಟಿಯಿಂದ ನಿಜಕ್ಕೂ ಜಾಣ ಡಿಸೈನ್. ಕಡಿಮೆ ಬೆಲೆ, ಒಳ್ಳೆ ಗುರಿ, ಗಟ್ಟಿ. ಆದ್ರೆ ಬಿಚ್ಚಿದ ಮೇಲೆ ಜೋಡಿಸೋದು ಅಂದ್ರೆ ಕೊಂಡವರಿಗೆ ನಡುಕ. ಹಿಡಿಯ ಹಿಂಭಾಗದಲ್ಲಿರೋ ಮೇನ್‌ಸ್ಪ್ರಿಂಗ್ ಭಾಗವನ್ನ ವಾಪಸ್ ತೂರಿಸುವಾಗ, ಹ್ಯಾಮರಿಗೆ ನೇತಾಡೋ ಒಂದು ಕಡ್ಡಿ ಸರಿಯಾಗಿ ಸ್ಪ್ರಿಂಗಿನ ತಲೆ ಮೇಲೆ ಬಂದು ಕೂರಬೇಕು. ಆ ಕಡ್ಡಿ ಕಣ್ಣಿಗೆ ಸರಿಯಾಗಿ ಕಾಣಲ್ಲ. ಪಿಸ್ತೂಲನ್ನ ಒಂದು ಸಲ ಹೀಗೆ ವಾಲಿಸಿ, ಟ್ರಿಗರ್ ಒತ್ತಿ ಹ್ಯಾಮರ್ ಬೀಳಿಸಿ, ಇನ್ನೊಂದು ಸಲ ಹಾಗೆ ವಾಲಿಸಿ, ಗುರುತ್ವಾಕರ್ಷಣೆಯ ಕೈಲಿ ಕೆಲಸ ಮಾಡಿಸಬೇಕು. ಕಡ್ಡಿ ಜಾಗ ತಪ್ಪಿದ್ರೆ ಎಲ್ಲಾ ಕೂತ ಹಾಗೆ ಕಾಣುತ್ತೆ, ಆದ್ರೆ ಬೋಲ್ಟ್ ಪೂರ್ತಿ ಹಿಂದೆ ಬರಲ್ಲ. ಮತ್ತೆ ಮೊದಲಿಂದ. ಮುಂದೆ ಬಂದ ಮಾರ್ಕ್ ತ್ರೀ ಮಾಡೆಲ್‌ನಲ್ಲಿ ಮ್ಯಾಗಜೀನ್ ಇಲ್ಲದೆ ಸಿಡಿಯಬಾರದು ಅಂತ ಸುರಕ್ಷತೆಯ ಭಾಗ ಸೇರಿಸಿದ್ರು. ಅದರ ಫಲವಾಗಿ ಜೋಡಿಸುವಾಗ ಟ್ರಿಗರ್ ಒತ್ತೋ ಪ್ರತಿ ಸಲ ಖಾಲಿ ಮ್ಯಾಗಜೀನ್ ಒಳಗೆ ಹಾಕಿ, ಆಮೇಲೆ ತೆಗೆದು, ಮತ್ತೆ ಹಾಕಿ... ಒಂದು ಸುರಕ್ಷತೆ ಸೇರಿಸೋಕೆ ಹೋಗಿ ಇನ್ನೊಂದು ಕಡೆ ಕಗ್ಗಂಟು.

ಕೊನೆಗೆ 2016ರಲ್ಲಿ ಮಾರ್ಕ್ ಫೋರ್ ಬಂತು. ಹಿಂದುಗಡೆ ಒಂದು ಗುಂಡಿ ಒತ್ತಿದ್ರೆ ಮೇಲ್ಭಾಗ ಕೀಲಿನ ಮೇಲೆ ಮುಂದಕ್ಕೆ ಬಾಗಿ ಕೈಗೆ ಬರುತ್ತೆ, ಬೋಲ್ಟ್ ಜಾರಿ ಹೊರಗೆ ಬರುತ್ತೆ. ಅಷ್ಟೇ. 1949ರಿಂದ 2016, ಅಂದ್ರೆ 67 ವರ್ಷ! ಇದಕ್ಕೆ ಹೊಸ ಲೋಹ ಬೇಕಿರಲಿಲ್ಲ, ಹೊಸ ವಿಜ್ಞಾನ ಬೇಕಿರಲಿಲ್ಲ. ಗುಂಡಿ ಮತ್ತು ಕೀಲು ನಮ್ಮ ತಾತನ ಟ್ರಂಕಿನಲ್ಲೂ ಇತ್ತು.

ಉಳಿದವರೇನೂ ಕಡಿಮೆ ಇಲ್ಲ. ಬ್ರೌನಿಂಗ್ ಬಕ್ ಮಾರ್ಕ್ 1985ರಿಂದ ಇದೆ, ಬಿಚ್ಚೋಕೆ ಮೇಲಿನ ಸೈಟ್ ಪಟ್ಟಿಯ ಸ್ಕ್ರೂಗಳನ್ನ ಆಲೆನ್ ಕೀಲಿಯಿಂದ ತೆಗೀಬೇಕು. ಸ್ಮಿತ್ ಆಂಡ್ ವೆಸನ್ ವಿಕ್ಟರಿಗೂ ಒಂದು ಆಲೆನ್ ಕೀಲಿ ಬೇಕು, ಆದ್ರೆ ಅಲ್ಲಿ ಒಂದೇ ಸ್ಕ್ರೂ, ಅಷ್ಟು ಮಾತ್ರ ಪುಣ್ಯ. ವಾಲ್ಥರ್ ಪಿ22ರಲ್ಲಿ ಸಣಕಲು ರಿಕಾಯಿಲ್ ಸ್ಪ್ರಿಂಗನ್ನ ವಾಪಸ್ ಕೂರಿಸೋಕೆ ಅಂತಲೇ ಒಂದು ಪುಟ್ಟ ಕಡ್ಡಿ ಜೊತೆಗೆ ಕೊಟ್ಟಿದ್ರು. ಆ ಕಡ್ಡಿ ಕಳೆದುಹೋದ್ರೆ? 2020ರಲ್ಲಿ ಬಂದ ಗ್ಲಾಕ್ 44 ಬಿಚ್ಚೋದು ಸುಲಭ, ಆದ್ರೆ ಆ ಕಂಪನಿಯ ಬೇರೆ ಪಿಸ್ತೂಲುಗಳ ಹಾಗೇ ಸ್ಲೈಡ್ ತೆಗೆಯೋ ಮೊದಲು ಟ್ರಿಗರ್ ಒತ್ತಬೇಕು. ಛೇಂಬರ್ ಖಾಲಿ ಇದೆಯಾ ಅಂತ ನೋಡೋದನ್ನ ಮರೆತವನಿಗೆ ಆ ಒಂದು ಹೆಜ್ಜೆ ಎಷ್ಟು ದುಬಾರಿ ಆಗಬಹುದು ಯೋಚಿಸಿ.

ನಮ್ಮ ಅಡುಗೆಮನೆ ಕುಕ್ಕರ್ ಪಕ್ಕ ಇಟ್ಟು ಇದನ್ನ ನೋಡಿ. ಅದೂ ಅಪಾಯದ ವಸ್ತುವೇ, ಒತ್ತಡ ತುಂಬಿದ ಪಾತ್ರೆ. ಆದ್ರೆ ಅಜ್ಜಿ ದಿನಾ ವಿಷಲ್ ತೆಗೆದು, ಗ್ಯಾಸ್ಕೆಟ್ ಬಿಚ್ಚಿ, ತೊಳೆದು, ಒರೆಸಿ, ವಾಪಸ್ ಹಾಕ್ತಾರೆ. ಯಾವ ಮ್ಯಾನುಯಲ್ಲೂ ಬೇಡ. ಒಳಮುಚ್ಚಳದ ಕುಕ್ಕರ್ ಅಂತೂ ಒಳಗೆ ಒತ್ತಡ ಇರೋವರೆಗೂ ತೆರೆಯೋಕೇ ಬಿಡಲ್ಲ. ತಪ್ಪು ಮಾಡೋ ದಾರಿಯನ್ನೇ ಮುಚ್ಚೋ ಈ ಉಪಾಯಕ್ಕೆ ಜಪಾನಿನ ಶಿಗಿಯೊ ಶಿಂಗೊ 'ಪೋಕಾ ಯೋಕೆ' ಅಂತ ಹೆಸರಿಟ್ಟರು. ಸಿಮ್ ಕಾರ್ಡಿನ ಒಂದು ಮೂಲೆ ಕತ್ತರಿಸಿರೋದೂ ಅದಕ್ಕೇ. ಒಳ್ಳೆ ಡಿಸೈನ್ ಅಂದ್ರೆ ತಪ್ಪಾಗಿ ಜೋಡಿಸೋಕೇ ಆಗಬಾರದು, ಅಕಸ್ಮಾತ್ ಜೋಡಿಸಿದ್ರೆ ತಕ್ಷಣ ಕಾಣಬೇಕು. ಎಲ್ಲಾ ಸರಿ ಇರೋ ಹಾಗೆ ಕಂಡು ಕೊನೆಯಲ್ಲಿ ಕೈಕೊಡೋದು ಕೆಟ್ಟ ಡಿಸೈನಿನ ಲಕ್ಷಣ.

ಈಗ "ಹೊಸದು" ಅನ್ನೋ ಪದಕ್ಕೆ ಬರ್ತೀನಿ. ಅಷ್ಟು ಕಾದು ಬಂದ ಮಾರ್ಕ್ ಫೋರ್ ಏನಾಯ್ತು ಗೊತ್ತಾ? ವರ್ಷ ತುಂಬೋ ಮೊದಲೇ, 2017ರ ಜೂನ್‌ನಲ್ಲಿ, ರೂಗರ್ ಕಂಪನಿ ರೀಕಾಲ್ ಘೋಷಿಸಿತು. 2017ರ ಜೂನ್ 1ಕ್ಕಿಂತ ಮೊದಲು ತಯಾರಾದ ಎಲ್ಲಾ ಮಾರ್ಕ್ ಫೋರ್‌ಗಳೂ ವಾಪಸ್ ಬರಬೇಕಾಯ್ತು. ಕಾರಣ, ಸೇಫ್ಟಿ ಲಿವರ್ 'ಸೇಫ್' ಮತ್ತು 'ಫೈರ್' ಎರಡರ ನಡುವೆ ಅರ್ಧಕ್ಕೆ ನಿಂತಿರುವಾಗ ಟ್ರಿಗರ್ ಒತ್ತಿದ್ರೆ ಕೆಲವೊಮ್ಮೆ ಸಿಡಿಯಲ್ಲ. ಆಮೇಲೆ ಲಿವರನ್ನ 'ಫೈರ್' ಕಡೆಗೆ ತಳ್ಳಿದಾಗ, ಬೆರಳು ಟ್ರಿಗರ್ ಮೇಲೆ ಇಲ್ಲದಿದ್ರೂ, ಸಿಡಿಯಬಹುದು. ಕಂಪನಿ ತಾನಾಗೇ ಒಪ್ಪಿಕೊಂಡು ಸರಿ ಮಾಡಿಕೊಟ್ಟಿತು, ಅದು ಮೆಚ್ಚಬೇಕಾದ್ದೇ. ಆದ್ರೆ ಪ್ರಶ್ನೆ ಉಳಿಯುತ್ತೆ: ಎರಡು ಸ್ಥಾನ ಇರೋ ಲಿವರ್ ಮಧ್ಯದಲ್ಲಿ ನಿಂತರೆ ಏನಾಗುತ್ತೆ ಅನ್ನೋದು ಬಿಡುಗಡೆಗೆ ಮೊದಲೇ ಕೇಳಬೇಕಾದ ಪ್ರಶ್ನೆ ಅಲ್ವಾ? ನಮ್ಮ ಲ್ಯಾಬ್ ವೈವಾದಲ್ಲೇ "ಸ್ವಿಚ್ ಮಧ್ಯದಲ್ಲಿ ಸಿಕ್ಕಿಕೊಂಡ್ರೆ?" ಅಂತ ಕೇಳ್ತಾರೆ.

ಹಾಗಾದ್ರೆ ಎಷ್ಟು ಟೆಸ್ಟ್ ಮಾಡಿದ್ರೆ ಸಾಕು? ಹೊಸ ಪಿಸ್ತೂಲಿನ ವಿಮರ್ಶೆಗಳಲ್ಲಿ "200 ಗುಂಡು ಹೊಡೆದೆ, ಒಂದೂ ಸಿಕ್ಕಿಹಾಕಿಕೊಳ್ಳಲಿಲ್ಲ" ಅಂತ ಹೆಮ್ಮೆಯಿಂದ ಹೇಳ್ತಾರೆ. ಸಂಖ್ಯಾಶಾಸ್ತ್ರದಲ್ಲಿ 'ಮೂರರ ನಿಯಮ' ಅಂತ ಇದೆ. ಎನ್ ಸಲ ಪ್ರಯತ್ನಿಸಿ ಒಂದೂ ಸೋಲು ಕಾಣದಿದ್ರೆ, 95% ಭರವಸೆಯಲ್ಲಿ ಹೇಳಬಹುದಾದ್ದು ಇಷ್ಟೇ: ಸೋಲಿನ ಪ್ರಮಾಣ 3 ಭಾಗಿಸು ಎನ್‌ಗಿಂತ ಕಡಿಮೆ. ಅಂದ್ರೆ 200 ಗುಂಡು ಸರಿಯಾಗಿ ಹೋದ್ರೂ ಸೋಲಿನ ಪ್ರಮಾಣ 1.5% ಇರೋ ಸಾಧ್ಯತೆಯನ್ನ ತಳ್ಳಿಹಾಕೋಕಾಗಲ್ಲ. "ಸಾವಿರಕ್ಕೆ ಒಂದಕ್ಕಿಂತ ಕಡಿಮೆ" ಅಂತ ಎದೆ ತಟ್ಟಿ ಹೇಳಬೇಕು ಅಂದ್ರೆ 3000 ಗುಂಡು ಒಂದೂ ಅಡ್ಡಿಯಿಲ್ಲದೆ ಹೋಗಬೇಕು. ಒಬ್ಬ ವಿಮರ್ಶಕನಿಂದ ಅದನ್ನ ನಿರೀಕ್ಷಿಸೋದು ಜಾಸ್ತಿ. ಕಂಪನಿಯಿಂದ ನಿರೀಕ್ಷಿಸೋದು ಜಾಸ್ತಿ ಅಲ್ಲ. ಅಮೆರಿಕದಲ್ಲಿ ಒಂದು ಟೂ ಟೂ ತೋಟಾಗೆ ಕೆಲವೇ ಸೆಂಟ್.

ನೂರಕ್ಕೆ ಒಂದು ತಾನೇ, ಅದೇನು ಮಹಾ ಅನ್ನಬೇಡಿ. ಮಹಿಳೆಯರ 25 ಮೀಟರ್ ಪಿಸ್ತೂಲ್ ಅರ್ಹತಾ ಸುತ್ತಿನಲ್ಲಿ 60 ಗುಂಡು. ನೂರಕ್ಕೆ ಒಂದು ಕೈಕೊಡೋ ಪಿಸ್ತೂಲಿನಲ್ಲಿ 60ನ್ನೂ ನಿರಾತಂಕವಾಗಿ ಮುಗಿಸೋ ಸಂಭವ 0.99ರ 60ನೇ ಘಾತ, ಅಂದ್ರೆ ಸುಮಾರು 55% ಮಾತ್ರ. ಹೆಚ್ಚುಕಮ್ಮಿ ನಾಣ್ಯ ಚಿಮ್ಮಿದ ಹಾಗೆ. ಇದು ನಮಗೆ ದೂರದ ವಿಷಯ ಅಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಈ ತೋಟಾದ್ದೇ. ಅದರಲ್ಲಿ 4 ಸೆಕೆಂಡಿಗೆ 5 ಗುಂಡು ಹೊಡೆಯೋ ಸರಣಿ ಇದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೋದಲ್ಲಿ ಆಡಿದ 50 ಮೀಟರ್ ಪಿಸ್ತೂಲೂ ಇದೇ ತೋಟಾದ್ದು. ಟೋಕಿಯೋದಲ್ಲಿ ಮನು ಭಾಕರ್‌ಗೆ ಆಗಿದ್ದು ಏರ್ ಪಿಸ್ತೂಲಿನಲ್ಲಿ, ರಿಮ್‌ಫೈರ್‌ನಲ್ಲಿ ಅಲ್ಲ, ಆದ್ರೂ ಪಾಠ ಒಂದೇ. ಅರ್ಹತಾ ಸುತ್ತಿನ ಮಧ್ಯೆ ಪಿಸ್ತೂಲು ಕೆಟ್ಟು, ಸರಿಮಾಡಿಸಿಕೊಂಡು ಬರೋಷ್ಟರಲ್ಲಿ ನಿಮಿಷಗಳು ಹೋದವು, ಫೈನಲ್ ಸ್ವಲ್ಪದರಲ್ಲಿ ತಪ್ಪಿತು. ವರ್ಷಗಟ್ಟಲೆ ಸಾಧನೆ ಒಂದು ಪುಟ್ಟ ಭಾಗದ ಮೇಲೆ ನಿಂತಿರುತ್ತೆ.

ಮೈದಾನದ ಹೊರಗೆ ವಿಷಯ ಇನ್ನೂ ಗಂಭೀರ. ಗುಂಡು ಸಿಡಿಯದೆ ನಿಂತ ಕ್ಷಣವೇ ಅತ್ಯಂತ ಅಪಾಯದ ಕ್ಷಣ. ತಡವಾಗಿ ಸಿಡಿಯಬಹುದು, ಹಾಗಾಗಿ ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು ಅಂತ ಹೇಳಿಕೊಡ್ತಾರೆ. ಆದ್ರೆ ಕಲಿಯೋಕೆ ಬಂದ ಹೊಸಬ ಏನ್ ಮಾಡ್ತಾನೆ? "ಏನಾಯ್ತು ಸಾರ್" ಅಂತ ಪಿಸ್ತೂಲಿನ ಸಮೇತ ತಿರುಗ್ತಾನೆ. ಟೂ ಟೂ ಪಿಸ್ತೂಲನ್ನ ಮಾರೋದೇ ಹೊಸಬರಿಗೆ, ಮಕ್ಕಳಿಗೆ ಕಲಿಸೋಕೆ ಅಂತ. ಅಂದ್ರೆ ಅತಿ ಹೆಚ್ಚು ಸಿಕ್ಕಿಹಾಕಿಕೊಳ್ಳೋ ಯಂತ್ರವನ್ನ ಅತಿ ಕಡಿಮೆ ಅನುಭವ ಇರೋರ ಕೈಗೆ ಕೊಡ್ತಾ ಇದ್ದೀವಿ. "ಐನೂರು ಗುಂಡು ಹೊಡಿ, ಸರಿಹೋಗುತ್ತೆ" ಅನ್ನೋ ಸಲಹೆಯನ್ನ ಈ ಬೆಳಕಿನಲ್ಲಿ ಇನ್ನೊಂದು ಸಲ ಓದಿ.

ಕಾನೂನು ಏನ್ ಮಾಡ್ತಿದೆ? ಅಮೆರಿಕದಲ್ಲಿ 1972ರ ಗ್ರಾಹಕ ವಸ್ತು ಸುರಕ್ಷತಾ ಕಾಯ್ದೆ ಬಂದೂಕುಗಳನ್ನ ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಆಟಿಕೆ ಪಿಸ್ತೂಲು ದೋಷದ್ದಾಗಿದ್ರೆ ಅಲ್ಲಿನ ಸುರಕ್ಷತಾ ಆಯೋಗ ವಾಪಸ್ ತರಿಸಬಹುದು, ನಿಜವಾದ ಪಿಸ್ತೂಲನ್ನ ಆಗಲ್ಲ! ಹಾಗಾಗಿ ಅಲ್ಲಿ ಬಂದೂಕಿನ ರೀಕಾಲ್ ಕಂಪನಿಯ ಮರ್ಜಿ. ಯೂರೋಪಿನ ಹಲವು ದೇಶಗಳಲ್ಲಿ ಮಾರೋ ಮೊದಲು 'ಪ್ರೂಫ್' ಪರೀಕ್ಷೆ ಕಡ್ಡಾಯ, ಆದ್ರೆ ಅದು ನೋಡೋದು ಜಾಸ್ತಿ ಒತ್ತಡಕ್ಕೆ ಒಡೆಯುತ್ತಾ ಅಂತ ಮಾತ್ರ. ಒಡೆಯದೇ ಇರೋದು ಬೇರೆ, ನಂಬಿಕೆಯಿಂದ ಕೆಲಸ ಮಾಡೋದು ಬೇರೆ. ನಮ್ಮ ಕುಕ್ಕರಿಗೆ ಐಎಸ್ 2347 ಅನ್ನೋ ಮಾನಕ ಇದೆ, ಐಎಸ್‌ಐ ಗುರುತು ಕಡ್ಡಾಯ. ಅನ್ನ ಬೇಯಿಸೋ ಪಾತ್ರೆಗೆ ಇರೋವಷ್ಟು ಕೇಳೋರು ಪಿಸ್ತೂಲಿಗೆ ಆ ದೇಶದಲ್ಲಿ ಇಲ್ಲ.

ಇದಕ್ಕೆ ಎದುರುವಾದ ಇದೆ, ಅದು ಸುಮ್ಮನೆ ತಳ್ಳಿಹಾಕೋವಂಥದ್ದೂ ಅಲ್ಲ. ತೋಟಾ ಬ್ರ್ಯಾಂಡುಗಳು ಹತ್ತಾರು, ಎಲ್ಲದರಲ್ಲೂ ಟೆಸ್ಟ್ ಮಾಡೋಕಾಗಲ್ಲ. ಅಗ್ಗದ ಪಿಸ್ತೂಲಿನ ಬೆಲೆ ಏರುತ್ತೆ. ಹೊಸ ಭಾಗಗಳು ಒಂದಕ್ಕೊಂದು ಸವೆದು ಹೊಂದಿಕೊಳ್ಳೋಕೆ ಟೈಮ್ ಬೇಕು. ಸರಿ, ಒಪ್ಪೋಣ. ಆದ್ರೆ ಯಾವ ತೋಟಾದಲ್ಲಿ ಟೆಸ್ಟ್ ಮಾಡಿದ್ರಿ, ಎಷ್ಟು ಹೊಡೆದ್ರಿ, ಎಷ್ಟು ಸಲ ನಿಂತಿತು ಅಂತ ಪೆಟ್ಟಿಗೆ ಮೇಲೆ ಅಚ್ಚು ಹಾಕೋಕೆ ಏನು ಖರ್ಚು? ಸೇನೆಗಳು ಕೊಳ್ಳುವಾಗ ಎರಡು ಅಡ್ಡಿಗಳ ನಡುವೆ ಸರಾಸರಿ ಎಷ್ಟು ಗುಂಡು ಅಂತ ಕೇಳಿಯೇ ಕೊಳ್ಳುತ್ತವೆ. ಸಾಮಾನ್ಯ ಗ್ರಾಹಕ ಕೇಳಿದ್ರೆ ಮಾತ್ರ "ಟೂ ಟೂ ಅಂದ್ಮೇಲೆ ಹಾಗೇ" ಅನ್ನೋ ಉತ್ತರ. ಸವೆದು ಹೊಂದಿಕೊಳ್ಳಬೇಕು ಅಂದ್ರೆ ಆ ಐನೂರು ಗುಂಡನ್ನ ಫ್ಯಾಕ್ಟರಿಯಲ್ಲೇ ಹೊಡೆದು ಕಳಿಸಿ. ಇಲ್ಲಾಂದ್ರೆ ಟಾಲರೆನ್ಸ್ ಸರಿಮಾಡಿ.

ನನ್ನ ಬೇಡಿಕೆ ನಾಲ್ಕೇ. ಉಪಕರಣ ಇಲ್ಲದೆ ಬಿಚ್ಚೋಕೆ ಬರಬೇಕು. ಬಿಚ್ಚುವಾಗ, ಜೋಡಿಸುವಾಗ ಟ್ರಿಗರ್ ಒತ್ತೋ ಹೆಜ್ಜೆ ಇರಬಾರದು. ತಪ್ಪಾಗಿ ಜೋಡಿಸೋಕೆ ಆಗಬಾರದು. ವಿಶ್ವಾಸಾರ್ಹತೆಯ ಅಂಕಿ ಗ್ರಾಹಕನಿಗೆ ಕಾಣಬೇಕು. ಇದರಲ್ಲಿ ಯಾವುದೂ ರಾಕೆಟ್ ವಿಜ್ಞಾನ ಅಲ್ಲ.

ಇನ್ನೆರಡು ವರ್ಷಕ್ಕೆ ನಾವೆಲ್ಲ ಯಾವುದೋ ಕಂಪನಿಯ ಡಿಸೈನ್ ಟೀಮಿನಲ್ಲಿ ಕೂತಿರ್ತೀವಿ. ಪಿಸ್ತೂಲು ಮಾಡದೆ ಇರಬಹುದು. ಇನ್ಸುಲಿನ್ ಪಂಪು, ಸ್ಕೂಟರಿನ ಬ್ರೇಕು, ಲಿಫ್ಟಿನ ಬಾಗಿಲು ಮಾಡಬಹುದು. ಲಾಂಚ್ ಡೇಟ್ ಹತ್ತಿರ ಬಂದಾಗ ಮೀಟಿಂಗಿನಲ್ಲಿ ಯಾರೋ ಒಬ್ಬರು "ಈಗ ಬಿಟ್ಟುಬಿಡೋಣ, ಕಸ್ಟಮರ್ ಹೇಳಿದ ಮೇಲೆ ಸರಿ ಮಾಡೋಣ" ಅಂತಾರೆ. ಆಯುಧಪೂಜೆ ದಿನ ಮೆಷಿನ್ ಒರೆಸಿ ಕುಂಕುಮ ಇಟ್ಟು ಕುಂಬಳಕಾಯಿ ಒಡೆದ್ರೆ ಅದು ಸುರಕ್ಷಿತ ಆಗಲ್ಲ. ಆ ಮೀಟಿಂಗಿನಲ್ಲಿ ಎದ್ದು ನಿಂತು "ಲಿವರ್ ಮಧ್ಯದಲ್ಲಿ ನಿಂತ್ರೆ ಏನಾಗುತ್ತೆ ಅಂತ ನೋಡಿದ್ದೀವಾ?" ಅಂತ ಒಬ್ಬರಾದ್ರೂ ಕೇಳಬೇಕು.